ಕೆಂಪು ಪೈಪಿನ ಮೇಲೆ ಬಿಳಿ ಉಪ್ಪು: ಮನೆಯ ಉಪ್ಪುನೀರಿನ ಟ್ಯಾಂಕಿನ ಪೈಪಿನಲ್ಲಿ ದೋಷ ಹುಡುಕುವುದು ಹೇಗೆ?

ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯಲ್ಲಿ ಸಮುದ್ರದ ಮೀನು, ಹವಳ ಸಾಕುವ ನಾಲ್ಕು ಅಡಿ ಉದ್ದದ ಉಪ್ಪುನೀರಿನ ಟ್ಯಾಂಕ್ ಇದೆ. ಮೊದಲು ಅದಕ್ಕೆ ಬಿಳಿ ಪೈಪು ಹಾಕಿಸಿದ್ದೆ. ನೋಡೋಕೆ ಚೆಂದ ಇಲ್ಲ ಅಂತ ಪೈಪಿನ ಮುಂದೆ ಪ್ಲೈವುಡ್ ಹಲಗೆ ಹೊಡೆಸಿ ಮುಚ್ಚಿಸಿದೆ. ಒಳಗೆ ಒಂದು ಎಲ್ಬೋ, ಅಂದರೆ ಪೈಪು ತಿರುಗಿಸುವ ತುಂಡು, ಸೋರುತ್ತಿತ್ತು. ಎಷ್ಟು ದಿನದಿಂದಲೋ ಏನೋ. ಹಲಗೆಯ ಬುಡ ಉಬ್ಬಿತ್ತು. ಬೆರಳಿನಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕೀಟಿನ ಹಾಗೆ ಉದುರಿತು. ಹಲಗೆ ಕಿತ್ತು ಟಾರ್ಚ್ ಹಿಡಿದು ನೋಡಿದೆ. ಬಿಳಿ ಪೈಪಿನ ಮೇಲೆ ಬಿಳಿ ಉಪ್ಪು. ಎಲ್ಲಿ ಶುರುವಾಗಿದೆ ಅಂತ ಕಣ್ಣಿಗೆ ಬೀಳಲೇ ಇಲ್ಲ, ಬೆರಳಾಡಿಸಿ ಹುಡುಕಬೇಕಾಯಿತು.

ಆಮೇಲೆ ಹಾಕಿಸಿದ್ದು ಕೆಂಪು ಪೈಪು. ಈಗ ಮುಚ್ಚುವ ಹಲಗೆ ಇಲ್ಲ. ಎಲ್ಲಿ ಒಂದು ಹನಿ ಒಸರಿದರೂ ಮರುದಿನ ಮುಂಜಾನೆ ಅಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಹಾಗಾಗಿ ಬಣ್ಣದ ಪೈಪು ಬರೀ ಶೋಕಿ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಚೆಂದದ ಪೈಪನ್ನು ಯಾರೂ ಮುಚ್ಚಿಡುವುದಿಲ್ಲ. ಮುಚ್ಚಿಡದ ಪೈಪು ಸೋರಿದರೆ ಅವತ್ತೇ ಗೊತ್ತಾಗುತ್ತದೆ. ಟ್ಯಾಂಕಿನಿಂದ ಕೆಳಗಿನ ತೊಟ್ಟಿಗೆ ಇಳಿಯುವ ನೀರಿಗೆ ಒಂದು ಬಣ್ಣ, ಅಲ್ಲಿಂದ ಪಂಪಿನಲ್ಲಿ ಮತ್ತೆ ಮೇಲೆ ಏರುವ ನೀರಿಗೆ ಇನ್ನೊಂದು ಬಣ್ಣ ಇಟ್ಟರಂತೂ ಇನ್ನೂ ಅನುಕೂಲ. ನೀವು ಊರಲ್ಲಿ ಇಲ್ಲದಾಗ ಮನೆಯವರು ಫೋನ್ ಮಾಡಿದರೆ "ನೀಲಿ ಪೈಪಿನ ವಾಲ್ವ್ ಬಂದ್ ಮಾಡಿ" ಅಂದರೆ ಸಾಕು, ಅವರಿಗೆ ತಿಳಿಯುತ್ತದೆ.

ಆದರೆ ಬಣ್ಣದ ಪೈಪಿಗೆ ಅದರದ್ದೇ ಆದ ತೊಂದರೆಗಳೂ ಇವೆ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರುಮಾಡಿ ಒಂದೊಂದಾಗಿ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಕೊಯ್ದು ಜೋಡಿಸುವ ಕೆಲಸ ಆಮೇಲೆ.

ಕೈ ಹಾಕುವ ಮೊದಲು

ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಪೈಪು ಮುಟ್ಟುವ ಮೊದಲು ಪಂಪ್, ಹೀಟರ್, ಲೈಟ್ ಎಲ್ಲದರ ಸ್ವಿಚ್ ಬಂದ್ ಮಾಡಿ ಪ್ಲಗ್ ಕಿತ್ತಿಡಿ. ಪ್ಲಗ್ ಅಥವಾ ಬೋರ್ಡ್ ಒದ್ದೆಯಾಗಿದ್ದರೆ ಅದನ್ನು ಮುಟ್ಟಲೇಬೇಡಿ, ಮೇನ್ ಬಂದ್ ಮಾಡಿ. ನೀರಿಗೆ ಕೈ ಹಾಕಿದಾಗ ಬೆರಳ ಗಾಯದ ಹತ್ತಿರ ಚಿಮಿಚಿಮಿ ಅಂದರೂ ಅಷ್ಟೇ: ಕೆಲಸ ನಿಲ್ಲಿಸಿ, ಮೇನ್ ಬಂದ್ ಮಾಡಿ, ಎಲೆಕ್ಟ್ರೀಷಿಯನ್ ಕರೆಸಿ. ಅದು ಪೈಪಿನ ತೊಂದರೆ ಅಲ್ಲ, ಯಾವುದೋ ಪಂಪ್ ಅಥವಾ ಹೀಟರ್ ಒಳಗೆ ಕೆಟ್ಟಿದೆ. ಟ್ಯಾಂಕಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಬಂದ್ ಆಗುವ ಸ್ವಿಚ್) ಹಾಕಿಸದಿದ್ದರೆ ಪೈಪಿಗಿಂತ ಮೊದಲು ಅದನ್ನು ಹಾಕಿಸಿ.

ಎಕ್ಸ್‌ಟೆನ್ಷನ್ ಬೋರ್ಡ್ ಕ್ಯಾಬಿನೆಟ್ಟಿನ ನೆಲದ ಮೇಲೆ ಇರಬಾರದು. ಗೋಡೆಗೆ ಎತ್ತರದಲ್ಲಿ ಹೊಡೆಸಿ. ಪ್ರತಿ ವೈರು ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಬೇಕು. ಆಗ ವೈರಿನ ಮೇಲೆ ಹರಿದು ಬಂದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಅರ್ಧ ಗಂಟೆ, ಒಂದು ಗಂಟೆ ಪಂಪ್ ನಿಂತರೆ ಮೀನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜಾಸ್ತಿ ಹೊತ್ತು ಬೇಕಾದರೆ ಬ್ಯಾಟರಿಯ ಏರ್ ಪಂಪ್ ಹಚ್ಚಿಡಿ.

ನೀರು ಕಡಿಮೆ ಆಗುತ್ತಿದೆ, ಆದರೆ ಎಲ್ಲೂ ಒದ್ದೆ ಇಲ್ಲ

ಮಾರ್ಚ್ ಬಂತೆಂದರೆ ನಮ್ಮ ಕಡೆ ಎಲ್ಲರಿಗೂ ಇದೇ ಚಿಂತೆ. ಒಣ ಬಿಸಿಲು, ಮೇಲೆ ಫ್ಯಾನು. ದಿನಾ ಬಕೆಟ್ ಲೆಕ್ಕದಲ್ಲಿ ನೀರು ಆರುತ್ತದೆ. ಅದನ್ನೇ ಸೋರಿಕೆ ಅಂದುಕೊಂಡು ಪೈಪು ಬಿಚ್ಚಿದವರನ್ನು ನೋಡಿದ್ದೇನೆ.

ಇದಕ್ಕೆ ಒಂದು ಖರ್ಚಿಲ್ಲದ ಪರೀಕ್ಷೆ ಇದೆ. ನೀರು ಆರಿದರೆ ಉಪ್ಪು ಒಳಗೇ ಉಳಿಯುತ್ತದೆ. ಸೋರಿದರೆ ಉಪ್ಪೂ ಜೊತೆಗೆ ಹೋಗುತ್ತದೆ. ಪಂಪ್ ಓಡುತ್ತಿರುವಾಗ ಸಂಪಿನ, ಅಂದರೆ ಕೆಳಗಿನ ತೊಟ್ಟಿಯ ನೀರಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ರಿಫ್ರಾಕ್ಟೋಮೀಟರಿನಲ್ಲಿ ಉಪ್ಪಿನ ಅಂಶ ನೋಡಿ ಬರೆದಿಡಿ. ಸಾಮಾನ್ಯವಾಗಿ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು), ಸಾಂದ್ರತೆಯ ಲೆಕ್ಕದಲ್ಲಿ 1.026ರ ಹತ್ತಿರ ಇರುತ್ತದೆ. ನಾಲ್ಕೈದು ದಿನ ಟೇಪಿನ ಮಟ್ಟಕ್ಕೆ ಬರೀ ಆರ್‌ಓ ನೀರು ಹಾಕುತ್ತಾ ಹೋಗಿ. ಕೊನೆಗೆ ಮತ್ತೆ ನೋಡಿ. ಅದೇ 35 ಇದ್ದರೆ ನೀರು ಆರಿದ್ದು ಅಷ್ಟೇ, ಪೈಪು ಸರಿಯಾಗಿದೆ. 33ಕ್ಕೋ 32ಕ್ಕೋ ಇಳಿದಿದ್ದರೆ ಉಪ್ಪುನೀರು ಎಲ್ಲೋ ಹೊರಗೆ ಹೋಗುತ್ತಿದೆ.

ಪೈಪು ಬೈಯುವ ಮೊದಲು ಸ್ಕಿಮ್ಮರಿನ, ಅಂದರೆ ನೊರೆಯ ಜೊತೆ ಕೊಳೆ ತೆಗೆಯುವ ಸಾಧನದ, ಕಪ್ ನೋಡಿ. ತೆಳ್ಳಗಿನ ನೀರೇ ತುಂಬಿಕೊಳ್ಳುತ್ತಿದ್ದರೆ ಉಪ್ಪು ಆ ದಾರಿಯಲ್ಲಿ ಹೋಗುತ್ತಿರಬಹುದು.

ಜಾಯಿಂಟಿನ ಸುತ್ತ ಬಿಳಿ ಉಪ್ಪು ಕಟ್ಟಿದೆ

ಎಲ್ಲ ಉಪ್ಪೂ ಸೋರಿಕೆಯ ಗುರುತಲ್ಲ. ನೀರು ಮೇಲಿಂದ ಬೀಳುವ ಕಡೆ, ಗುಳ್ಳೆ ಒಡೆಯುವ ಕಡೆ ಸಣ್ಣ ಹನಿ ಸಿಡಿದು ಒಣಗುತ್ತದೆ. ಆ ಉಪ್ಪು ಪುಡಿಪುಡಿಯಾಗಿ ಒಂದಷ್ಟು ಜಾಗದಲ್ಲಿ ಹರಡಿಕೊಂಡಿರುತ್ತದೆ. ಸೋರಿಕೆಯ ಉಪ್ಪು ಬೇರೆ ಥರ. ಜಾಯಿಂಟಿನ ಅಂಚಿನಲ್ಲಿ ಒಂದು ಕಡೆ ದಪ್ಪ ಇರುತ್ತದೆ, ಅಲ್ಲಿಂದ ಕೆಳಕ್ಕೆ ಗೆರೆ ಇಳಿದಿರುತ್ತದೆ. ಮುಟ್ಟಿದರೆ ಒಳಗೆ ಇನ್ನೂ ಹಸಿ ಇರುತ್ತದೆ.

ಗೊತ್ತಾಗದಿದ್ದರೆ ಹೀಗೆ ಮಾಡಿ. ಒದ್ದೆ ಅರಿವೆಯಿಂದ ಉಪ್ಪನ್ನು ಪೂರ್ತಿ ಒರೆಸಿ, ಒಣಗಿಸಿ. ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರಿನ ಒಂದು ಪಟ್ಟಿ ಸುತ್ತಿ, ತುದಿ ಜೋತು ಬಿಡಿ. ಮರುದಿನ ಮುಂಜಾನೆ ತುದಿ ಒದ್ದೆಯಾಗಿ ಬಿಗಿದುಕೊಂಡಿದ್ದರೆ ಸೋರಿಕೆ ಖಚಿತ. ಒಣಗಿದ್ದು, ಎಂಟು ಹತ್ತು ದಿನದ ಮೇಲೆ ಮೇಲ್ಭಾಗದಲ್ಲಷ್ಟೇ ಪುಡಿ ಕೂತರೆ ಅದು ಸಿಡಿದ ಹನಿ. ಒಂದು ಮುಚ್ಚಳ ಹಾಕಿದರೆ ಮುಗಿಯಿತು.

ಸೋರಿಕೆ ಅಂತ ಆದರೆ, ಜಾಯಿಂಟ್ ಯಾವ ಥರದ್ದು ಅನ್ನೋದರ ಮೇಲೆ ಮುಂದಿನ ಕೆಲಸ.

ಯೂನಿಯನ್, ಅಂದರೆ ತಿರುವಿ ಬಿಚ್ಚಿ ಹಾಕಬಹುದಾದ ಜಾಯಿಂಟ್ ಆದರೆ ಸುಲಭ. ಒಳಗಿನ ಓ-ರಿಂಗಿನ (ರಬ್ಬರ್ ಬಳೆಯ) ಕೆಳಗೆ ಒಂದು ಮರಳಿನ ಕಣವೋ ಉಪ್ಪಿನ ಹರಳೋ ಕೂತಿರುತ್ತದೆ. ಬಿಚ್ಚಿ, ಓ-ರಿಂಗನ್ನೂ ಅದು ಕೂರುವ ತಗ್ಗನ್ನೂ ತೊಳೆದು, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ಕೈಯಿಂದ ಬಿಗಿ ಮಾಡಿ. ಪಾನಾ ಹಾಕಬೇಡಿ. ವ್ಯಾಸಲೀನ್ ಥರದ ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತವೆ.

ಚೂಡಿ, ಅಂದರೆ ತಿರುಪಿನ ಹಲ್ಲು ಇರುವ ಜಾಯಿಂಟ್ ಆದರೆ ಬಿಚ್ಚಿ ಹಳೇ ಟೆಫ್ಲಾನ್ ಟೇಪ್ ತೆಗೆದು ಹೊಸದು ಸುತ್ತಿ. ಚೂಡಿಯ ತುದಿ ನಿಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಬೇಕು. ತಿರುವಿದಾಗ ಟೇಪ್ ಬಿಚ್ಚಿಕೊಳ್ಳದೆ ಒಳಗೆ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ಚೂಡಿಯನ್ನು ಜೋರಾಗಿ ಬಿಗಿದರೆ ಹೊರಗಿನ ಫಿಟಿಂಗ್ ಸೀಳುತ್ತದೆ. ಹೊರದೇಶದಿಂದ ತರಿಸಿದ ಫಿಟಿಂಗ್ ಒಂದೆರಡು ಸುತ್ತಿಗೇ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ನಮ್ಮಲ್ಲಿ ನಡೆಯುವುದು ಬಿಎಸ್‌ಪಿ ಚೂಡಿ, ಅಮೆರಿಕದ್ದು ಎನ್‌ಪಿಟಿ. 1 ಇಂಚಿನದರಲ್ಲಿ ನಮ್ಮದಕ್ಕೆ ಇಂಚಿಗೆ 11 ಹಲ್ಲು, ಅವರದಕ್ಕೆ 11.5. ಎರಡೂ ಕೂಡುವುದೇ ಇಲ್ಲ.

ಸಲ್ಯೂಷನ್ ಹಚ್ಚಿ ಅಂಟಿಸಿದ ಜಾಯಿಂಟ್ ಸೋರಿದರೆ ಹೊರಗಿನಿಂದ ಮೆತ್ತಿದ್ದು ನಿಲ್ಲುವುದಿಲ್ಲ. ಎಪಾಕ್ಸಿ ಮುದ್ದೆ ನಾಲ್ಕು ದಿನ ತಡೆಯಬಹುದು. ಸಿಲಿಕೋನ್ ಅಂತೂ ಪಿವಿಸಿಗೆ ಸರಿಯಾಗಿ ಹಿಡಿಯುವುದೇ ಇಲ್ಲ. ಆ ತುಂಡು ಕೊಯ್ದು ತೆಗೆದು ಹೊಸ ಫಿಟಿಂಗ್, ಎರಡು ಕಪ್ಲರ್ (ಪೈಪಿಗೆ ಪೈಪು ಸೇರಿಸುವ ತುಂಡು) ಹಾಕುವುದೇ ದಾರಿ. ಆದರೆ ಕೊಯ್ಯುವ ಮೊದಲು ಮುಂದಿನ ಭಾಗ ಓದಿ. ಬಣ್ಣದ ಪೈಪಿನ ಸೋರಿಕೆಯ ನಿಜವಾದ ಕಾರಣ ಬಹಳ ಸಲ ಅಲ್ಲಿದೆ.

ಪೈಪು ಫಿಟಿಂಗಿನೊಳಗೆ ಲಡಬಡ ಅಲ್ಲಾಡುತ್ತದೆ, ಇಲ್ಲವೇ ಒಳಗೆ ಹೋಗುವುದೇ ಇಲ್ಲ

ನನ್ನ ಕೆಂಪು ಪೈಪು ಆನ್‌ಲೈನಿನಲ್ಲಿ ಬಂದದ್ದು. ಎರಡು ಎಲ್ಬೋ ಕಡಿಮೆ ಬಿದ್ದವು. ಪ್ಯಾಟಿಯಿಂದ 1 ಇಂಚಿನ ಬಿಳಿ ಎಲ್ಬೋ ತಂದೆ. ಪೈಪು ಒಳಗೆ ಸಲೀಸಾಗಿ ಹೋಯಿತು. ಕೈ ಬಿಟ್ಟರೆ ಬಾವಿಯ ಹಗ್ಗದ ಹಾಗೆ ತೂಗಾಡಿತು. ಪ್ಲಂಬಿಂಗ್ ಮೇಸ್ತ್ರಿ ಸಮಾಧಾನ ಹೇಳಿದರು.

"ಸಲ್ಯೂಷನ್ ಜರಾ ದಪ್ಪಗ ಹಚ್ಚಿಬಿಡೂಣ್ರಿ ಸರ್, ಹಿಡ್ಕೊಂತೈತಿ."

"ಮ್ಯಾಗಿನ ಟಾಕಿ ಪೈಪಾಗಿದ್ರ ನೋಡೂಣು ಅಂತಿದ್ದೆ, ಅಣ್ಣಾರ. ಇದು ಹಗಲೂ ರಾತ್ರಿ ಓಡತೈತ್ರಿ, ಅದೂ ಮನಿ ಒಳಗ."

ಅವರು ಹಚ್ಚಿದರು, ನಾನೂ ಒಪ್ಪಿದೆ. ಮೂರನೇ ವಾರ ಅದೇ ಎಲ್ಬೋದ ಕೆಳಗೆ ಬಿಳಿ ಗೆರೆ. ಅವರ ತಪ್ಪೇನೂ ಇಲ್ಲ. ಮನೆಯ ನಳದ ಕೆಲಸದಲ್ಲಿ ಅವರಿಗೆ ಈ ಎರಡು ಅಳತೆ ಒಟ್ಟಿಗೆ ಸಿಗುವುದು ಅಪರೂಪ.

ವಿಷಯ ಇಷ್ಟು. ಅಂಗಡಿಯಲ್ಲಿ "1 ಇಂಚು" ಅಂದರೆ ಒಂದೇ ಪೈಪು ಅಲ್ಲ. ಮನೆ ಕಟ್ಟುವಾಗ ಹಾಕುವ ದಪ್ಪ ಬಿಳಿ ಯುಪಿವಿಸಿ ಪೈಪಿನ ಮೇಲೆ ಎಎಸ್‌ಟಿಎಂ ಡಿ 1785, ಶೆಡ್ಯೂಲ್ 40 ಅಥವಾ 80 ಅಂತ ಅಚ್ಚಾಗಿರುತ್ತದೆ. ಅದರ 1 ಇಂಚಿನ ಹೊರ ಅಳತೆ 33.4 ಮಿ.ಮೀ. ರೈತರು ಹೊಲಕ್ಕೆ ಒಯ್ಯುವ ಪೈಪಿನ ಮೇಲೆ ಐಎಸ್ 4985 ಅಂತ ಇರುತ್ತದೆ. ಅದು ಮಿಲಿಮೀಟರ್ ಲೆಕ್ಕ: 20, 25, 32, 40, 50. ಅದರಲ್ಲಿ 32 ಅಂದರೆ ಹೊರಗೆ 32 ಮಿ.ಮೀ. ಬಿಸಿನೀರಿಗೆ ಹಾಕುವ ಕೆನೆ ಬಣ್ಣದ ಸಿಪಿವಿಸಿ ಇನ್ನೂ ಬೇರೆ, ಅದರ 1 ಇಂಚಿನದು 28.6 ಮಿ.ಮೀ. ಅಕ್ವೇರಿಯಂಗೆ ಅಂತ ಮಾರುವ ಕೆಂಪು, ನೀಲಿ, ಬೂದು ಪೈಪುಗಳಲ್ಲಿ ಬಹಳಷ್ಟು ಮಿಲಿಮೀಟರ್ ಲೆಕ್ಕದವು. ನನ್ನದು 32. ಎಲ್ಬೋ 33.4ಕ್ಕೆ ಮಾಡಿದ್ದು. ನಡುವೆ 1.4 ಮಿ.ಮೀ. ಸಂದು.

ಸಲ್ಯೂಷನ್ ಸಂದು ತುಂಬುವ ಗೋಂದಲ್ಲ. ಅದು ಪೈಪಿನ ಮೈಯನ್ನೂ ಫಿಟಿಂಗಿನ ಮೈಯನ್ನೂ ಮೆತ್ತಗೆ ಕರಗಿಸಿ ಒಂದಾಗಿಸುತ್ತದೆ. ಎರಡೂ ಮುಟ್ಟದಿದ್ದರೆ ಒಂದಾಗುವುದು ಹೇಗೆ?

ಅಳೆಯಲು ವರ್ನಿಯರ್ ಇಲ್ಲದಿದ್ದರೆ ಕಾಗದ ಸಾಕು. ಬೆರಳಗಲದ ಒಂದು ಪಟ್ಟಿ ಕತ್ತರಿಸಿ. ಪೈಪಿನ ಸುತ್ತ ಬಿಗಿಯಾಗಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಬ್ಲೇಡಿನಿಂದ ಗೀರಿ. ಬಿಚ್ಚಿ ಸ್ಕೇಲಿನ ಮೇಲಿಟ್ಟು ಎರಡು ಗೀರಿನ ನಡುವೆ ಅಳೆಯಿರಿ. 105 ಮಿ.ಮೀ. ಬಂದರೆ ಅದು ಇಂಚಿನ ಲೆಕ್ಕದ 1 ಇಂಚು. 100.5ರ ಹತ್ತಿರ ಬಂದರೆ 32 ಮಿ.ಮೀ. ಪೈಪು. ಮುಕ್ಕಾಲು ಇಂಚಿನದು 84, ಅದರ ಜೋಡಿ 25 ಮಿ.ಮೀ. ಪೈಪು 78.5. ಅರ್ಧ ಇಂಚಿನದು 67, ಅದರ ಜೋಡಿ 20 ಮಿ.ಮೀ. ಪೈಪು 63ಕ್ಕೆ ತುಸು ಕಡಿಮೆ. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ, ಮನೆಯ ಸ್ಕೇಲಿನಲ್ಲೇ ಕಾಣುತ್ತದೆ.

ಅಳತೆ ಸರಿಯಿದ್ದರೆ ಒಣ ಪೈಪು ಫಿಟಿಂಗಿನೊಳಗೆ ಮೂರರಲ್ಲಿ ಒಂದು ಪಾಲಿನಿಂದ ಎರಡು ಪಾಲಿನವರೆಗೆ ಹೋಗಿ ಬಿಗಿಯಾಗಿ ನಿಲ್ಲುತ್ತದೆ. ಸಲ್ಯೂಷನ್ ಹಚ್ಚಿದ ಮೇಲೆ ಬುಡ ಮುಟ್ಟುತ್ತದೆ. ಒಣಗಿದ್ದಾಗಲೇ ಸಲೀಸಾಗಿ ಬುಡ ಮುಟ್ಟಿ ಅಲ್ಲಾಡಿದರೆ ಅಲ್ಲೇ ನಿಲ್ಲಿಸಿ. ಬಿಸಿ ಮಾಡಿ ಅಗಲಿಸುವುದು, ಟೇಪ್ ಸುತ್ತಿ ತುರುಕುವುದು ಯಾವುದೂ ಬೇಡ.

ಎರಡು ಲೆಕ್ಕದ ಪೈಪು ಸೇರಿಸಲೇಬೇಕಾದರೆ ಚೂಡಿಯ ದಾರಿ ಹಿಡಿಯಿರಿ. ಒಂದು ಕಡೆ ಇಂಚಿನ ಲೆಕ್ಕದ ಎಂಟಿಎ (ಹೊರಗೆ ಚೂಡಿ ಇರುವ ಫಿಟಿಂಗ್), ಇನ್ನೊಂದು ಕಡೆ ಮಿಲಿಮೀಟರ್ ಲೆಕ್ಕದ ಎಫ್‌ಟಿಎ (ಒಳಗೆ ಚೂಡಿ ಇರುವ ಫಿಟಿಂಗ್), ಎರಡರ ಚೂಡಿಯೂ ಬಿಎಸ್‌ಪಿ ಇದ್ದರೆ ಕೂಡಿಕೊಳ್ಳುತ್ತವೆ. ಆದರೆ ಎರಡೂ ಪೂರ್ತಿ ಪ್ಲಾಸ್ಟಿಕ್ ಇರಬೇಕು, ಕಾರಣ ಮುಂದೆ ಬರುತ್ತದೆ. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ: ಬಣ್ಣ ಆರಿಸುವ ಮೊದಲು ಆ ಬಣ್ಣದಲ್ಲಿ ಎಲ್ಬೋ, ಟೀ, ಯೂನಿಯನ್, ವಾಲ್ವ್, ಟ್ಯಾಂಕ್ ನಿಪ್ಪಲ್ (ಗಾಜಿನ ತೂತಿಗೆ ಪೈಪು ಕೂರಿಸುವ ಫಿಟಿಂಗ್) ಎಲ್ಲ ಸಿಗುತ್ತವೆಯೇ ಕೇಳಿ. ಲೆಕ್ಕಕ್ಕಿಂತ ಎರಡು ಎಲ್ಬೋ, ಒಂದು ಕಪ್ಲರ್ ಜಾಸ್ತಿ ತರಿಸಿ. ಸಿಗದಿದ್ದರೆ ಪೂರ್ತಿ ಬಿಳಿ ಯುಪಿವಿಸಿಯಲ್ಲೇ ಕೆಲಸ ಮುಗಿಸಿ, ಬಣ್ಣಕ್ಕೆ ಬೇರೆ ದಾರಿ ಇದೆ, ಅದು ಮುಂದೆ ಬರುತ್ತದೆ. ಮನೆ ವೈರಿಂಗಿಗೆ ಹಾಕುವ ಕಂಡ್ಯೂಟ್ ಪೈಪು ಕಪ್ಪಾಗಿ ಹೊಳೆಯುತ್ತದೆ ಅಂತ ತರಬೇಡಿ. ಅದು ನೀರಿಗೆ ಮಾಡಿದ್ದಲ್ಲ.

ಅಂಟಿಸುವ ಕೆಲಸದ ಬಗ್ಗೆಯೂ ಇಲ್ಲೇ ಹೇಳುತ್ತೇನೆ. ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಎಸಳು ಚಾಕುವಿನಿಂದ ಕೆರೆದು ತೆಗೆಯಿರಿ. ಯುಪಿವಿಸಿಗೆ ಯುಪಿವಿಸಿ ಸಲ್ಯೂಷನ್ನೇ ಬೇಕು. ಬಣ್ಣವಿಲ್ಲದ್ದು ತನ್ನಿ, ಹಳದಿಯದು ಕೆಂಪು ಪೈಪಿನ ಮೇಲೆ ಸುರಿದರೆ ಹೋಗುವುದಿಲ್ಲ. ಪೈಪಿನ ಮೇಲೆ ಎಲ್ಲಿಯವರೆಗೆ ಹಚ್ಚಬೇಕೋ ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಗೆರೆ ಹೊಡೆದ ಹಾಗೆ ಅಚ್ಚುಕಟ್ಟಾಗಿ ಬರುತ್ತದೆ. ಎರಡೂ ಕಡೆ ಹಚ್ಚಿ, ಒತ್ತಿ, ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಗಟ್ಟಿಯಾಗಿ ಹಿಡಿದುಕೊಳ್ಳಿ. ಬಿಟ್ಟರೆ ಪೈಪು ತಾನೇ ಹಿಂದಕ್ಕೆ ಸರಿಯುತ್ತದೆ. ನೀರು ಬಿಡಲು 24 ಗಂಟೆ ಕಾಯಿರಿ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಸಲ್ಯೂಷನ್ನಿನ ಹೊಗೆ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿಡಿ. ದೇವರ ಮುಂದಿನ ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಎಲ್ಲ ಆರಿರಲಿ.

ಮೊದಲ ಪರೀಕ್ಷೆ ಉಪ್ಪುನೀರಿನಲ್ಲಿ ಬೇಡ. ಹೊಸ ಟ್ಯಾಂಕಾದರೆ ನಳ ಬಂದ ದಿನ ಅದೇ ನೀರು ತುಂಬಿ ಒಂದು ದಿನ ಪಂಪ್ ಓಡಿಸಿ. ಸೋರದಿದ್ದರೆ ಖಾಲಿ ಮಾಡಿ. ಆ ನೀರು ನೆಲ ಒರೆಸಲು, ಬಚ್ಚಲಿಗೆ ಆಗುತ್ತದೆ. ನಮ್ಮ ಊರಲ್ಲಿ ನೀರನ್ನು ಸುಮ್ನೆ ಗಟಾರಕ್ಕೆ ಬಿಡುವ ಮನಸ್ಸಾಗುವುದಿಲ್ಲ.

ಕರೆಂಟ್ ಹೋಗಿ ಬಂದಾಗಲೆಲ್ಲ ನೆಲ ಒದ್ದೆ

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಕರೆಂಟ್ ಹೋಗುತ್ತದೆ. ಎದ್ದು ನೋಡಿದರೆ ಸಂಪಿನ ಸುತ್ತ ನೀರು. ಇಲ್ಲಿ ಜಾಯಿಂಟ್ ಹುಡುಕಬೇಡಿ. ಪಂಪ್ ನಿಂತಾಗ ಏರುವ ಪೈಪಿನಲ್ಲಿ ನೀರು ಉಲ್ಟಾ ಹರಿಯುತ್ತದೆ. ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಷ್ಟು ಆಳದ ನೀರನ್ನೂ ಕೆಳಕ್ಕೆ ಎಳೆಯುತ್ತದೆ.

ಲೆಕ್ಕ ಹಾಕಿ ನೋಡಿ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ 1 ಸೆಂ.ಮೀ. ನೀರು ಇಳಿದರೆ 5.4 ಲೀಟರ್. ಬಾಯಿ 5 ಸೆಂ.ಮೀ. ಆಳದಲ್ಲಿದ್ದರೆ 27 ಲೀಟರ್, ಅಂದರೆ ಸುಮಾರು ಎರಡು ಕೊಡ. ಅಷ್ಟು ಜಾಗ ಸಂಪಿನಲ್ಲಿ ಖಾಲಿ ಇರಬೇಕು.

ಹಗಲು ಹೊತ್ತಲ್ಲಿ, ನೀವು ಎದುರಿಗೆ ಇರುವಾಗ ಪಂಪ್ ಬಂದ್ ಮಾಡಿ. ಹತ್ತು ನಿಮಿಷ ನೋಡುತ್ತಾ ಕೂರಿ. ಸಂಪಿನ ಅಂಚಿಗೆ ಬರುವ ಹಾಗೆ ಕಂಡರೆ ಕೂಡಲೇ ಪಂಪ್ ಚಾಲೂ ಮಾಡಿ, ಸಂಪಿನಿಂದ ಒಂದಷ್ಟು ನೀರು ತೆಗೆಯಿರಿ, ಮತ್ತೆ ಬಂದ್ ಮಾಡಿ. ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲುವವರೆಗೆ ಹೀಗೆ ಮಾಡಿ. ಆಮೇಲೆ ಪಂಪ್ ಓಡುವಾಗಿನ ಮಟ್ಟಕ್ಕೆ ಬಣ್ಣದ ಟೇಪ್ ಅಂಟಿಸಿ. ಆ ಗೆರೆ ದಾಟಿ ಎಂದೂ ನೀರು ತುಂಬಬೇಡಿ.

ಇದರ ಜೊತೆ ಪೈಪಿನ ಬಾಯಿಯನ್ನು ನೀರಿನ ಮೇಲ್ಮಟ್ಟದ ಹತ್ತಿರಕ್ಕೆ ತನ್ನಿ. ಮಟ್ಟಕ್ಕಿಂತ ತುಸು ಕೆಳಗೆ ಪೈಪಿಗೆ 3 ಮಿ.ಮೀ. ತೂತು ಕೊರೆದರೆ, ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತು ಪಾಚಿಯಿಂದ ಮುಚ್ಚುತ್ತದೆ, ಬಸವನಹುಳು ಬಂದು ಕೂರುತ್ತದೆ. ವಾರಕ್ಕೊಮ್ಮೆ ಹಲ್ಲುಕಡ್ಡಿ ಆಡಿಸಿ. ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದ್ದೀನಿ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದರ ಬಾಗಿಲಿಗೆ ಒಂದು ಸುಣ್ಣದ ಕಣ ಸಿಕ್ಕಿದರೂ ಮುಚ್ಚುವುದಿಲ್ಲ.

ರಾತ್ರಿ ಪೈಪು ಗುಳುಗುಳು ಅನ್ನುತ್ತದೆ

ಇಳಿಯುವ ಪೈಪಿನಲ್ಲಿ ನೀರೂ ಗಾಳಿಯೂ ಜಗಳಾಡುತ್ತಿವೆ. ಮೊದಲು ಸಂಪಿನಲ್ಲಿ ಪೈಪಿನ ತುದಿ ಎಷ್ಟು ಮುಳುಗಿದೆ ನೋಡಿ. 2-3 ಸೆಂ.ಮೀ. ಸಾಕು. ಆಳಕ್ಕೆ ಹೋದರೆ ಒಳಗಿನ ಗಾಳಿ ಹೊರಬರಲಾರದೆ ಡಬ್ ಡಬ್ ಅಂತ ಸಿಡಿಯುತ್ತದೆ. ಮೇಲಿನ ತುದಿಯಲ್ಲಿ ಗಾಳಿ ತೂತು ಇದ್ದರೆ ಅದು ಉಪ್ಪಿನಿಂದ ಕಟ್ಟಿದೆಯೇ ನೋಡಿ.

ಅದಾದ ಮೇಲೂ ಸದ್ದು ಇದ್ದರೆ ಪೈಪಿನ ಓಟ ನೋಡಿ. ತೆಳ್ಳಗಿನ ಪೈಪು ನಾಜೂಕಾಗಿ ಕಾಣುತ್ತದೆ ಅಂತ ಎರಡಕ್ಕೂ ಒಂದೇ ಅಳತೆ ಹಾಕುವವರಿದ್ದಾರೆ. ಏರುವ ನೀರನ್ನು ಪಂಪ್ ದಬ್ಬುತ್ತದೆ. ಇಳಿಯುವ ನೀರಿಗೆ ಅದರ ಭಾರವೇ ಬಲ. ಹಾಗಾಗಿ ಇಳಿಯುವ ಪೈಪು ಕನಿಷ್ಠ ಒಂದು ಅಳತೆ ದಪ್ಪ ಇರಬೇಕು. ಚೌಕಾಕಾರ ಚೆಂದ ಅಂತ ಹಾಕಿದ 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿ ಹಾಕಿ. ಅಡ್ಡಕ್ಕೆ ಮಲಗಿದ ಪೈಪನ್ನು ಓರೆ ಮಾಡಿ. ನನ್ನ ಕಣ್ಣಿಗಂತೂ ಓರೆಯಾಗಿ ಇಳಿದ ಪೈಪೇ ಹೆಚ್ಚು ಚೆಂದ.

ಒಂದು ಎಚ್ಚರಿಕೆ. ಸದ್ದು ಕಡಿಮೆ ಮಾಡಲು ಇಳಿಯುವ ಪೈಪಿನ ವಾಲ್ವ್ ತುಸು ತಿರುಗಿಸುವ ಪದ್ಧತಿ ಇದೆ, ಅದು ಕೆಲಸವೂ ಮಾಡುತ್ತದೆ. ಆದರೆ ಪಕ್ಕದಲ್ಲಿ ವಾಲ್ವ್ ಇಲ್ಲದ ಇನ್ನೊಂದು ಖಾಲಿ ಪೈಪು ತುರ್ತಿಗೆ ಇರಲೇಬೇಕು. ಇಳಿಯುವ ಪೈಪು ಒಂದೇ ಇದ್ದರೆ ಅದಕ್ಕೆ ವಾಲ್ವ್ ಹಾಕಲೇಬೇಡಿ. ಒಂದು ಎಲೆಯಷ್ಟು ಪಾಚಿ ಸಿಕ್ಕಿಕೊಂಡರೆ ಮೇಲಿನ ಟ್ಯಾಂಕ್ ಉಕ್ಕುತ್ತದೆ.

ಹರಿವು ಕಡಿಮೆಯಾಗಿದೆ, ಪಾರದರ್ಶಕ ಪೈಪು ಹಸಿರಾಗಿದೆ

ಪಂಪಿನ ಜಾಲರಿ ತೊಳೆಯಿರಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಪಂಪ್ ಬಿಚ್ಚಿ, ನೀರಿಗೆ ನಿಂಬೆ ಉಪ್ಪು ಅಥವಾ ವಿನೆಗರ್ ಹಾಕಿ ಒಂದೆರಡು ಗಂಟೆ ನೆನೆಸಿ. ಒಳಗೆ ಕಟ್ಟಿದ ಸುಣ್ಣ ಕರಗುತ್ತದೆ. ಬ್ಲೀಚಿಂಗ್ ಜೊತೆ ಇವನ್ನು ಎಂದೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಪಂಪ್ ಸರಿಯಿದ್ದೂ ಹರಿವು ಕಡಿಮೆ ಇದ್ದರೆ ಏರುವ ಪೈಪಿನ ಯೂನಿಯನ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ.

ಪಾರದರ್ಶಕ ಪೈಪು ಮೊದಲ ತಿಂಗಳು ಮನಸ್ಸು ಸೆಳೆಯುತ್ತದೆ. ನೀರು ಓಡುವುದು ಕಾಣುತ್ತದಲ್ವಾ! ಆದರೆ ಬೆಳಕು ಒಳಗೆ ಹೋದ ಕಡೆ ಪಾಚಿ ಬೆಳೆಯುತ್ತದೆ. ನನಗೆ ಕೇಳಿದರೆ ಒಂದು ಗೇಣಿನಷ್ಟು ಪಾರದರ್ಶಕ ತುಂಡನ್ನು ಎರಡು ಯೂನಿಯನ್ ನಡುವೆ ಹಾಕಿ, ಉಳಿದದ್ದು ಬಣ್ಣದ್ದು ಇರಲಿ. ಆ ತುಂಡನ್ನು ಬಿಚ್ಚಿ ಬಾಟಲಿ ಬ್ರಷ್‌ನಿಂದ ತೊಳೆಯಬಹುದು. ಅಕ್ರಿಲಿಕ್ ಆದರೆ ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ.

ಮೀನು ಚೆನ್ನಾಗಿವೆ, ಆದರೆ ಸಿಗಡಿ, ಬಸವನಹುಳು ಸಾಯುತ್ತಿವೆ

ಮೊದಲು ಅಮೋನಿಯಾ, ಉಪ್ಪಿನ ಅಂಶ ಪರೀಕ್ಷಿಸಿ. ಎರಡೂ ಸರಿ ಇದ್ದು, ಇತ್ತೀಚೆಗೆ ಪೈಪಿನ ಕೆಲಸ ಆಗಿದ್ದರೆ ಫಿಟಿಂಗುಗಳ ಒಳಗೆ ನೋಡಿ. ಹೊರಗೆ ಬಿಳಿ ಪ್ಲಾಸ್ಟಿಕ್, ಒಳಗೆ ಬಂಗಾರದ ಬಣ್ಣದ ಚೂಡಿ ಇದೆಯೇ? ಅದು ಹಿತ್ತಾಳೆ. ನಳ ಕೂರಿಸಲು ಬಚ್ಚಲ ಗೋಡೆಗೆ ಇದನ್ನೇ ಹಾಕುತ್ತಾರೆ, ಗಟ್ಟಿ ಅಂತ ಅಂಗಡಿಯವರು ಕೊಡುವುದೂ ಇದನ್ನೇ. ಹಿತ್ತಾಳೆಯಲ್ಲಿ ತಾಮ್ರ ಇದೆ. ಉಪ್ಪುನೀರು ಅದನ್ನು ಮೆಲ್ಲಗೆ ಕರಗಿಸುತ್ತದೆ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಔಷಧಿಯಾಗಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಬಳಸುತ್ತಾರೆ. ಮೀನು ತಡೆದುಕೊಳ್ಳುವ ಆ ಪ್ರಮಾಣದಲ್ಲಿ ಸಿಗಡಿ, ಬಸವನಹುಳು, ಹವಳ ಬದುಕುವುದಿಲ್ಲ.

ಹಸಿರು ನೀಲಿ ಕಲೆ ಕಂಡರೆ ಹಿತ್ತಾಳೆ. ಕಂದು ಗೆರೆ ಕಂಡರೆ ಕಬ್ಬಿಣ: ಹೋಸ್ ಕ್ಲಾಂಪ್, ವಾಲ್ವಿನ ಸ್ಕ್ರೂ, ಎನ್‌ಆರ್‌ವಿಯ ಸ್ಪ್ರಿಂಗ್. ಉಳಿದ ಪ್ರಾಣಿಗಳನ್ನು ಹೊಸದಾಗಿ ಕಲಸಿದ, ಅದೇ ಬಿಸಿ, ಅದೇ ಉಪ್ಪಿನ ನೀರಿಗೆ ಸಾಗಿಸಿ. ಲೋಹದ ಫಿಟಿಂಗ್ ತೆಗೆಸಿ. ಆಕ್ಟಿವೇಟೆಡ್ ಕಾರ್ಬನ್ ಹಾಕಿ ನೀರು ಬದಲಿಸುತ್ತಾ ಹೋಗಿ. ತಾಮ್ರದ ಟೆಸ್ಟ್ ಕಿಟ್ಟಿನಲ್ಲಿ ಸೊನ್ನೆ ಬಂದ ಮೇಲೇ ಅವನ್ನು ವಾಪಸು ಬಿಡಿ.

ಪೈಪು ಕೊಳ್ಳುವಾಗ ಸೀಸ ಇಲ್ಲ ಅಂತ ಬರೆದಿರುವುದನ್ನೇ ಕೇಳಿ. ಪಿವಿಸಿ ಪೈಪಿಗೆ ಸೀಸ ಬೆರೆಸುವುದನ್ನು ತಡೆಯಲು ನಮ್ಮ ದೇಶದಲ್ಲಿ 2021ರಲ್ಲಿ ನಿಯಮ ಬಂದಿದೆ. ಗೋದಾಮಿನ ಮೂಲೆಯ ಹಳೇ ಪೈಪು ಅಗ್ಗಕ್ಕೆ ಸಿಕ್ಕರೂ ಬೇಡ.

ಪೈಪಿನ ಬಣ್ಣ ಏಳುತ್ತಿದೆ, ಬಿಳಿ ಪೈಪು ಹಳದಿಯಾಗುತ್ತಿದೆ

ಸ್ಪ್ರೇ ಪೇಂಟ್ ಹೊಡೆದ ಪೈಪು ಉಪ್ಪಿಗೆ ಪದರ ಬಿಡುತ್ತದೆ. ನೀರಿನಲ್ಲಿ ಮುಳುಗುವ ಭಾಗಕ್ಕೆ, ನೀರಿನ ಮೇಲೆ ಚಾಚಿದ ಭಾಗಕ್ಕೆ ಪೇಂಟ್ ಬೇಡವೇ ಬೇಡ, ಪುಡಿ ಒಳಗೆ ಬೀಳುತ್ತದೆ. ಬೈಕಿಗೆ ಅಂಟಿಸುವ ವಿನೈಲ್ ಸ್ಟಿಕ್ಕರ್ ಇದಕ್ಕಿಂತ ಚೆನ್ನಾಗಿ ಕೂರುತ್ತದೆ. ನೇರ ಪೈಪಿಗೆ ಮಾತ್ರ ಸುತ್ತಿ, ಜಾಯಿಂಟ್ ಬಿಡಿ. ಜಾಯಿಂಟ್ ಮುಚ್ಚಿದರೆ ಒಸರಿದ್ದು ಕಾಣುವುದಿಲ್ಲ. ಹಳದಿಯಾಗುವುದು ಕಿಟಕಿಯ ಬಿಸಿಲಿಗೆ. ಅದರಿಂದ ಕೂಡಲೇ ಸೋರುವುದಿಲ್ಲ, ಆದರೆ ವರ್ಷಗಟ್ಟಲೆ ಬಿಸಿಲು ತಿಂದ ಪೈಪು ಬಿರುಸಾಗುತ್ತದೆ. ಪರದೆ ಹಾಕಿ.

ಗಾಜಿನ ತೂತಿನ ಸುತ್ತ ನೀರು ಒಸರುತ್ತಿದೆ

ಟ್ಯಾಂಕ್ ನಿಪ್ಪಲ್ ಗಾಜಿಗೆ ಕೂತ ಕಡೆ ನೀರು ಕಂಡರೆ ಮೊದಲು ರಬ್ಬರ್ ವಾಷರ್ ಯಾವ ಕಡೆ ಇದೆ ನೋಡಿ. ಅದು ಅಗಲ ತಲೆಯ ಕಡೆ ಇರಬೇಕು, ನಟ್ಟಿನ ಕಡೆ ಅಲ್ಲ. ನಟ್ಟಿನ ಕಡೆ ಇದ್ದರೆ ನೀರು ಚೂಡಿಯ ಸಂದಿನಲ್ಲಿ ನುಸುಳುತ್ತದೆ. ಸರಿ ಕಡೆ ಇದ್ದರೆ ನಟ್ಟನ್ನು ಕೈಯಿಂದ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಮಾತ್ರ. ಅದಕ್ಕಿಂತ ಬಿಗಿ ಬೇಡ.

ಇನ್ನೂ ಒಸರಿದರೆ ಮೊಬೈಲ್ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ತೂತಿನ ಅಂಚು ನೋಡಿ. ಬೆಳ್ಳಿಯ ಎಳೆಯ ಹಾಗೆ ಒಂದು ಗೆರೆ ಹೊಳೆದರೆ ಅದು ಗಾಜಿನ ಬಿರುಕು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ನಟ್ಟು ಬಿಗಿಯಬೇಡಿ, ಸಡಿಲಿಸಲೂ ಬೇಡಿ. ಪ್ಲಗ್ ಎಲ್ಲ ಕಿತ್ತು, ಹೋಸ್ ಹಾಕಿ ನೀರನ್ನು ತೂತಿನ ಮಟ್ಟಕ್ಕಿಂತ ಕೆಳಗೆ ಇಳಿಸಿ. ಮಕ್ಕಳನ್ನು ಆ ಕೋಣೆಯಿಂದ ಕಳಿಸಿ. ಮೀನು, ಹವಳಗಳನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟುಗಳಲ್ಲಿಟ್ಟು ಏರ್ ಪಂಪ್ ಹಚ್ಚಿ. ನಂತರ ಟ್ಯಾಂಕ್ ಕಟ್ಟುವವರನ್ನು ಕರೆಯಿರಿ. ಹೊಸ ತೂತು ಕೊರೆಯುವ ಮಾತು ಬಂದರೆ ಆ ಗಾಜು ಟಫನ್ಡ್ ಹೌದೋ ಅಲ್ಲವೋ ಮೊದಲು ಕೇಳಿ, ಟಫನ್ಡ್ ಗಾಜಿಗೆ ಡ್ರಿಲ್ ತಾಗಿದರೆ ಪೂರ್ತಿ ಪುಡಿಯಾಗುತ್ತದೆ. ಮತ್ತೆ, ಹೊಸ ನಿಪ್ಪಲ್ ತರಲು ಹೋಗುವಾಗ ನಿಮ್ಮ ಪೈಪಿನ ಒಂದು ಗೇಣು ತುಂಡನ್ನು ಜೊತೆಗೆ ಒಯ್ಯಿರಿ. ಅಂಗಡಿಯ ಕಟ್ಟೆಯ ಮೇಲೇ ತೂರಿಸಿ ನೋಡಿ, ಬಿಗಿಯಾಗಿ ನಿಂತರೆ ಮಾತ್ರ ದುಡ್ಡು ಕೊಡಿ.